ಒಡಲೊಳಗಿನ ಚಲನೆಯನ್ನು ತೋರಿಸುವ ಯಂತ್ರ: ಫ್ಲೋರೋಸ್ಕೋಪಿ

“ಆಂಜಿಯೋಗ್ರಾಂ ಮಾಡಿಸಬೇಕಂತೆ” ಎಂಬ ಮಾತು ಕೇಳಿ ಬಾರದ ಮನೆ ಈಗ ನಮ್ಮ ಊರುಗಳಲ್ಲಿ ಅಪರೂಪ. ಸ್ಕೂಟರಿನಿಂದ ಬಿದ್ದೋ ಅಡಿಕೆ ಮರದಿಂದ ಜಾರಿಯೋ ತೊಡೆಯ ಎಲುಬು ಮುರಿದವರಿಗೆ ಒಳಗೆ ಸರಳು ಕೂಡಿಸುವ ಆಪರೇಶನ್ ಆಗುತ್ತದೆ. ಅನ್ನ ನುಂಗಲು ಕಷ್ಟವಾದ ಅಜ್ಜನಿಗೆ ಸುಣ್ಣದ ನೀರಿನಂತಹ ಬಿಳಿ ಮದ್ದನ್ನು ಕುಡಿಸಿ ಪರೀಕ್ಷೆ ನಡೆಸುತ್ತಾರೆ. ಮಕ್ಕಳಾಗದೆ ಕೊರಗುವ ಸೊಸೆಗೆ ಗರ್ಭನಾಳ ತೆರೆದಿದೆಯೆ ಎಂದು ನೋಡುತ್ತಾರೆ. ಮೇಲ್ನೋಟಕ್ಕೆ ಈ ನಾಲ್ಕಕ್ಕೂ ಸಂಬಂಧವಿಲ್ಲ. ಆದರೆ ಈ ನಾಲ್ಕೂ ಕೋಣೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಜಾತಿಯ ಯಂತ್ರ. ಅದರ ಹೆಸರು ಫ್ಲೋರೋಸ್ಕೋಪಿ ಯಂತ್ರ.

ಈ ಯಂತ್ರದ ಬಗ್ಗೆ ನಮ್ಮವರಲ್ಲಿ ಎರಡು ಬಗೆಯ ಭಾವನೆಗಳಿವೆ. ಕೆಲವರಿಗೆ ಅದು ‘ಕರೆಂಟು ಕೊಡುವ’ ಯಂತ್ರ. ಒಳಗೆ ಹೋದರೆ ಮೈ ಸುಡುತ್ತದೆ ಎಂಬ ಭಯ. ಇನ್ನು ಕೆಲವರಿಗೆ ಅದು ಬರೇ ಒಂದು ಟಿ.ವಿ.; ಎಷ್ಟು ಹೊತ್ತು ನೋಡಿದರೂ ನಷ್ಟವಿಲ್ಲ ಎಂಬ ಧೈರ್ಯ. ಎರಡೂ ಸರಿಯಲ್ಲ. ಭಯಪಟ್ಟು ಬೇಕಾದ ಪರೀಕ್ಷೆಯನ್ನು ಮುಂದೂಡಿದರೆ ರೋಗ ಬಲಿಯುತ್ತದೆ. ಏನೂ ತಿಳಿಯದೆ ಒಳಗೆ ಹೋದರೆ ಹೇಳಲೇಬೇಕಾದ ಮಾತನ್ನು ಹೇಳದೆ ಬಿಡುತ್ತೇವೆ. ಆದುದರಿಂದ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಅದರಿಂದ ಆಗುವ ಲಾಭಕ್ಕೆ ನಾವು ತೆರುವ ಬೆಲೆ ಏನು ಎಂಬುದನ್ನು ನಮ್ಮ ಮಾತಿನಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು.

ನೆರಳಿನ ಆಟ

ರಾತ್ರಿ ಕರೆಂಟು ಹೋದಾಗ ಚಿಮಿಣಿ ದೀಪದ ಮುಂದೆ ಬೆರಳುಗಳನ್ನು ಮಡಚಿ ಗೋಡೆಯ ಮೇಲೆ ಜಿಂಕೆ, ನಾಯಿ, ಹಕ್ಕಿಗಳ ನೆರಳನ್ನು ಮಾಡಿ ಮಕ್ಕಳನ್ನು ನಗಿಸದವರು ಯಾರು? ಈ ಆಟಕ್ಕೆ ಬೇಕಾದುದು ಮೂರೇ ವಸ್ತುಗಳು: ದೀಪ, ಕೈ, ಗೋಡೆ. ಫ್ಲೋರೋಸ್ಕೋಪಿಗೂ ಬೇಕಾದುದು ಮೂರೇ. ದೀಪದ ಬದಲಿಗೆ ಎಕ್ಸ್-ರೇ ಕೊಳವೆ, ಕೈಯ ಬದಲಿಗೆ ರೋಗಿಯ ಶರೀರ, ಗೋಡೆಯ ಬದಲಿಗೆ ಒಂದು ಪರದೆ.

ಸಾಮಾನ್ಯ ಬೆಳಕು ಕೈಯನ್ನು ದಾಟಿ ಹೋಗಲಾರದು. ಎಕ್ಸ್-ರೇ, ಅಂದರೆ ಕ್ಷ-ಕಿರಣ, ದಾಟಿ ಹೋಗುತ್ತದೆ. ಆದರೆ ಎಲ್ಲ ಕಡೆಯಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಅದಕ್ಕೆ ಹೆಚ್ಚಿನ ತಡೆಯಿಲ್ಲ. ಮಾಂಸದಲ್ಲಿ ಸ್ವಲ್ಪ ತಡೆಯಿದೆ. ಕ್ಯಾಲ್ಸಿಯಂ ತುಂಬಿದ ಎಲುಬಿನಲ್ಲಿ ತಡೆ ಹೆಚ್ಚು. ಆದುದರಿಂದ ಶರೀರದ ಇನ್ನೊಂದು ಬದಿಯಲ್ಲಿ ಬೀಳುವ ನೆರಳು ಕೈಯ ನೆರಳಿನಂತೆ ಬರೇ ಕಪ್ಪಲ್ಲ. ಎಲ್ಲಿ ಎಷ್ಟು ತಡೆಯೋ ಅಲ್ಲಿ ಅಷ್ಟು ಕಪ್ಪು.

ಈ ನೆರಳು ನಮ್ಮ ಕಣ್ಣಿಗೆ ಕಾಣಿಸುವುದಿಲ್ಲ, ಏಕೆಂದರೆ ಕ್ಷ-ಕಿರಣವೇ ಕಣ್ಣಿಗೆ ಕಾಣಿಸುವುದಿಲ್ಲ. ಅದನ್ನು ಕಾಣುವಂತೆ ಮಾಡಲು ಎರಡು ದಾರಿಗಳಿವೆ. ಕಿರಣವನ್ನು ಕ್ಷಣಮಾತ್ರ ಬಿಟ್ಟು ನೆರಳನ್ನು ಫಿಲ್ಮಿನಲ್ಲೋ ಕಂಪ್ಯೂಟರಿನಲ್ಲೋ ಹಿಡಿದಿಡುವುದು ಮೊದಲನೆಯದು. ನಾವು ಸಾಮಾನ್ಯವಾಗಿ ‘ಎಕ್ಸ್-ರೇ ತೆಗೆಸಿದೆ’ ಎನ್ನುವುದು ಇದನ್ನೇ. ಎರಡನೆಯದರಲ್ಲಿ ಕ್ಷ-ಕಿರಣ ತಗಲಿದ ಕೂಡಲೆ ಹೊಳೆಯುವ ಗುಣವುಳ್ಳ ಒಂದು ಲವಣವನ್ನು ಪರದೆಗೆ ಬಳಿದು, ಕಿರಣ ಹರಿಯುತ್ತಿರುವಷ್ಟು ಹೊತ್ತೂ ನೆರಳನ್ನು ನೇರವಾಗಿ ನೋಡುವುದು. ಹೀಗೆ ಹೊಳೆಯುವುದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರಿನಿಂದಲೇ ಫ್ಲೋರೋಸ್ಕೋಪಿ ಎಂಬ ಮಾತು ಹುಟ್ಟಿತು.

ಮೊದಲನೆಯದು ಫೋಟೋ ಇದ್ದಂತೆ, ಎರಡನೆಯದು ಸಿನಿಮಾ ಇದ್ದಂತೆ. ಗಂಟಲಿನಲ್ಲಿ ಗುಟುಕು ಇಳಿಯುವುದು, ಹೃದಯ ಬಡಿಯುವುದು, ರಕ್ತನಾಳದಲ್ಲಿ ತಂತಿ ಮುಂದೆ ಸಾಗುವುದು, ಇವನ್ನೆಲ್ಲ ಒಂದು ಫೋಟೋದಲ್ಲಿ ನೋಡಲಾಗದು. ಚಲನೆಯನ್ನು ಚಲಿಸುವಾಗಲೇ ನೋಡಬೇಕು.

ಮೊದಲು ಕಂಡದ್ದು ಪರದೆಯ ಮೇಲೆ

ಕ್ಷ-ಕಿರಣ ಎಂದೊಡನೆ ನಮಗೆ ನೆನಪಾಗುವುದು ಉಂಗುರ ತೊಟ್ಟ ಕೈಯ ಫೋಟೋ. ಜರ್ಮನಿಯ ವುರ್ಟ್ಸ್‌ಬರ್ಗಿನ ಪ್ರೊಫೆಸರ್ ವಿಲ್ಹೆಲ್ಮ್ ರಾಂಟ್ಜನ್ ತಮ್ಮ ಪತ್ನಿಯ ಕೈಯನ್ನು ಹಾಗೆ ಚಿತ್ರಿಸಿದ್ದು 1895ರ ದಶಂಬರ 22ರಂದು. ಆದರೆ ಅವರು ಕಿರಣವನ್ನು ಕಂಡುಹಿಡಿದದ್ದು ಫೋಟೋದಿಂದಲ್ಲ, ಪರದೆಯಿಂದ. ಅದೇ ವರ್ಷ ನವಂಬರ 8ರಂದು ಕತ್ತಲೆ ಕೋಣೆಯಲ್ಲಿ, ಕಪ್ಪು ಕಾಗದ ಸುತ್ತಿದ್ದ ವಿದ್ಯುತ್ ಕೊಳವೆಯಿಂದ ದೂರದಲ್ಲಿದ್ದ ಬೇರಿಯಂ ಪ್ಲಾಟಿನೋ ಸಯನೈಡಿನ ಪರದೆ ತಾನಾಗಿ ಹೊಳೆಯಿತು. ಮುಂದಿನ ಪ್ರಯೋಗಗಳಲ್ಲಿ ಮಧ್ಯೆ ಕೈ ಹಿಡಿದಾಗ ಎಲುಬಿನ ಕಪ್ಪು ನೆರಳು ಕಾಣಿಸಿತು. ಹಾಗೆ ನೋಡಿದರೆ ಫ್ಲೋರೋಸ್ಕೋಪಿ ಎಂಬುದು ಎಕ್ಸ್-ರೇ ಫೋಟೋದ ತಮ್ಮನಲ್ಲ, ಅಣ್ಣ.

1896ರಲ್ಲಿ ಅಮೇರಿಕದ ಥಾಮಸ್ ಎಡಿಸನ್ ಸಾವಿರಾರು ಲವಣಗಳನ್ನು ಪರೀಕ್ಷಿಸಿ, ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಹೆಚ್ಚು ಪ್ರಕಾಶಮಾನವಾಗಿ ಹೊಳೆಯುತ್ತದೆ ಎಂದು ಕಂಡುಕೊಂಡರು. ಅದನ್ನು ಒಂದು ಡಬ್ಬಿಯ ತಳಕ್ಕೆ ಬಳಿದು, ಇನ್ನೊಂದು ಬದಿಯಿಂದ ಕಣ್ಣಿಟ್ಟು ನೋಡುವ ಕೈ ಉಪಕರಣವನ್ನು ಮಾಡಿದರು. ಅದೇ ವರ್ಷ ಹಾರ್ವರ್ಡಿನ ವೈದ್ಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಪ್ರಾಣಿಗಳಿಗೆ ಆಹಾರ ನುಂಗಿಸಿ ಪರದೆಯ ಮೇಲೆ ನೋಡತೊಡಗಿದ. ಮುಂದೆ ಬಿಸ್ಮತ್ ಎಂಬ ಲೋಹದ ಲವಣವನ್ನು ಆಹಾರದಲ್ಲಿ ಕಲಸಿ, ಬೆಕ್ಕಿನ ಜಠರ ಹೇಗೆ ಹಿಸುಕಿ ಹಿಸುಕಿ ಆಹಾರವನ್ನು ಮುಂದೆ ತಳ್ಳುತ್ತದೆ ಎಂಬುದನ್ನು 1898ರಲ್ಲಿ ವಿವರವಾಗಿ ಬರೆದ. ಜೀವಂತ ಜಠರದ ಕೆಲಸವನ್ನು ಹೊಟ್ಟೆ ಕೊಯ್ಯದೆ ನೋಡುವುದು ಹೀಗೆ ಸಾಧ್ಯವಾಯಿತು.

ಕತ್ತಲೆ ಕೋಣೆಯ ಕಾಲ

ಆದರೆ ಒಂದು ದೊಡ್ಡ ತೊಡಕಿತ್ತು. ಪರದೆಯ ಹೊಳಪು ಬಹಳ ಮಂದ. ಅಮಾವಾಸ್ಯೆ ಕಳೆದು ನಾಲ್ಕು ದಿನದ ತಿಂಗಳ ಬೆಳಕಿನಲ್ಲಿ ಪೇಪರು ಓದಿದಂತೆ. ಪೇಪರು ಇದೆಯೆಂದು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

ಇದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಶಂಕುಗಳು ಹಗಲಿನವು, ಸೂಕ್ಷ್ಮ ವಿವರಗಳನ್ನೂ ಬಣ್ಣಗಳನ್ನೂ ಕಾಣಿಸುತ್ತವೆ, ಆದರೆ ಬೆಳಕು ಧಾರಾಳ ಬೇಕು. ಸರಳುಗಳು ರಾತ್ರಿಯವು, ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತವೆ, ಆದರೆ ಸೂಕ್ಷ್ಮ ವಿವರ ಅವುಗಳಿಗೆ ದಕ್ಕದು. ಹಳೆಯ ಪರದೆಯನ್ನು ಡಾಕ್ಟರು ನೋಡುತ್ತಿದ್ದುದು ಈ ಸರಳುಗಳಿಂದ. ಅವು ಎಚ್ಚರಗೊಳ್ಳಲು ಕತ್ತಲೆಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕುಳಿತಿರಬೇಕು. ಪ್ರತಿ ಸಲ ಹೀಗೆ ಕುಳಿತರೆ ಕೆಲಸ ಸಾಗುವುದೆಂತು? 1916ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ ಒಂದು ಉಪಾಯ ಸೂಚಿಸಿದರು. ಕೆಂಪು ಗಾಜಿನ ಕನ್ನಡಕ ಹಾಕಿಕೊಂಡರೆ ಸರಳುಗಳಿಗೆ ಅದು ಕತ್ತಲೆಯಂತೆಯೇ. ಶಂಕುಗಳಿಗೆ ಮಾತ್ರ ಓಡಾಡುವಷ್ಟು ಬೆಳಕು. ಹೀಗಾಗಿ ಹಿಂದಿನ ಎಕ್ಸ್-ರೇ ಡಾಕ್ಟರುಗಳು ಹಗಲು ಹೊತ್ತಿನಲ್ಲಿ ಕೆಂಪು ಕನ್ನಡಕ ಹಾಕಿಕೊಂಡೇ ಆಸ್ಪತ್ರೆಯಲ್ಲಿ ಓಡಾಡುತ್ತಿದ್ದರು.

ಪರದೆಯ ಹೊಳಪು ಹೆಚ್ಚಬೇಕಾದರೆ ಕಿರಣ ಹೆಚ್ಚು ಬಿಡಬೇಕು. ಕಿರಣ ಹೆಚ್ಚು ಬಿಟ್ಟರೆ ಶರೀರಕ್ಕೆ ಹಾನಿ. ಈ ಇಕ್ಕಟ್ಟಿನಲ್ಲೇ ಫ್ಲೋರೋಸ್ಕೋಪಿಯ ಇಡೀ ಚರಿತ್ರೆ ಅಡಗಿದೆ.

ಬೆಲೆ ತೆತ್ತವರು

ಮೊದಮೊದಲು ಈ ಹಾನಿಯ ಅರಿವು ಯಾರಿಗೂ ಇರಲಿಲ್ಲ. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ದಿನವೂ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ ಉಪಕರಣವನ್ನು ಪರೀಕ್ಷಿಸುತ್ತಿದ್ದ. ಕೈಗಳಲ್ಲಿ ಹುಣ್ಣಾಗಿ, ಅದು ಕ್ಯಾನ್ಸರಾಗಿ, ಎರಡು ಕೈಗಳನ್ನೂ ಕತ್ತರಿಸಬೇಕಾಗಿ ಬಂತು. 1904ರಲ್ಲಿ, ನಲ್ವತ್ತು ತುಂಬುವ ಮೊದಲೇ, ತೀರಿಕೊಂಡ. ಎಡಿಸನ್ ಎಕ್ಸ್-ರೇ ಕೆಲಸವನ್ನೇ ಕೈಬಿಟ್ಟರು.

ಆದರೂ ಲೋಕ ಬೇಗನೆ ಕಲಿಯಲಿಲ್ಲ. 1920ರ ದಶಕದಿಂದ ಸುಮಾರು ಮೂವತ್ತು ವರ್ಷ ಅಮೇರಿಕ ಮತ್ತು ಯುರೋಪಿನ ಚಪ್ಪಲಿ ಅಂಗಡಿಗಳಲ್ಲಿ ಫ್ಲೋರೋಸ್ಕೋಪಿನ ಪೆಟ್ಟಿಗೆಗಳಿದ್ದವು. ಹೊಸ ಬೂಟಿನೊಳಗೆ ಮಗುವಿನ ಬೆರಳು ಸರಿಯಾಗಿ ಕೂತಿದೆಯೆ ಎಂದು ತಾಯಿ ಇಣುಕಿ ನೋಡುವಳು! 1957ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಅದನ್ನು ನಿಷೇಧಿಸಿತು. ಕ್ರಮೇಣ ಆ ಪೆಟ್ಟಿಗೆಗಳು ಮೂಲೆ ಸೇರಿದವು.

ಇದಕ್ಕಿಂತ ಗಂಭೀರವಾದ ಪಾಠ ಬಂದದ್ದು ಕ್ಷಯರೋಗದ ಆಸ್ಪತ್ರೆಗಳಿಂದ. ಔಷಧಿಗಳು ಬರುವ ಮೊದಲು ಎದೆಯೊಳಗೆ ಗಾಳಿ ತುಂಬಿ ರೋಗಪೀಡಿತ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವ ಚಿಕಿತ್ಸೆ ಇತ್ತು. ಗಾಳಿ ಸರಿಯಾಗಿ ತುಂಬಿದೆಯೆ ಎಂದು ಪ್ರತಿ ಸಲವೂ ಫ್ಲೋರೋಸ್ಕೋಪಿನಲ್ಲಿ ನೋಡುತ್ತಿದ್ದರು. ಎರಡು ಮೂರು ವರ್ಷಗಳಲ್ಲಿ ಒಬ್ಬೊಬ್ಬ ರೋಗಿಯನ್ನು ಹೀಗೆ ನೂರಾರು ಸಲ ನೋಡಿದ್ದುಂಟು. ಹಲವು ವರ್ಷಗಳ ಬಳಿಕ ಆ ಸ್ತ್ರೀಯರಲ್ಲಿ ಸ್ತನ ಕ್ಯಾನ್ಸರು ಹೆಚ್ಚಾಗಿರುವುದು ಕೆನಡಾದ ನೋವಾ ಸ್ಕೋಷಿಯಾದಲ್ಲಿ 1965ರಲ್ಲೂ, ಅಮೇರಿಕದ ಮೆಸಾಚುಸೆಟ್ಸಿನಲ್ಲಿ 1977ರಲ್ಲೂ ಪ್ರಕಟವಾದ ಅಧ್ಯಯನಗಳಿಂದ ತಿಳಿದುಬಂತು. ಒಂದೊಂದು ಸಲದ ಕಿರಣ ಅಲ್ಪವೇ ಆದರೂ ಹನಿಗೂಡಿ ಹಳ್ಳವಾಯಿತು. ಕಿರಣದ ರಕ್ಷಣೆಯ ಬಗ್ಗೆ ಇಂದು ನಮಗಿರುವ ಜ್ಞಾನದಲ್ಲಿ ಈ ಅಜ್ಞಾತ ಸ್ತ್ರೀಯರ ಪಾಲು ದೊಡ್ಡದು.

ಬೆಳಕನ್ನು ಬೆಳೆಸುವ ಕೊಳವೆ

ಇಕ್ಕಟ್ಟನ್ನು ಬಿಡಿಸಿದ್ದು ಒಂದು ಗಾಜಿನ ಕೊಳವೆ. 1948ರಲ್ಲಿ ಅಮೇರಿಕದ ವೆಸ್ಟಿಂಗ್‌ಹೌಸ್ ಕಂಪೆನಿಯ ಜಾನ್ ಕೋಲ್ಟ್‌ಮನ್ ಇದನ್ನು ಸಿದ್ಧಪಡಿಸಿದರು. ಇಮೇಜ್ ಇಂಟೆನ್ಸಿಫೈಯರ್ ಎಂದು ಇದರ ಹೆಸರು, ಬಿಂಬವರ್ಧಕ ಎನ್ನೋಣ. ಕಿರಣವನ್ನು ಹೆಚ್ಚಿಸುವ ಬದಲು, ಬಂದಷ್ಟೇ ಕಿರಣದಿಂದ ಉಂಟಾದ ಬೆಳಕನ್ನು ಹೆಚ್ಚಿಸುವುದು ಇದರ ಯುಕ್ತಿ.

ಅದು ಕೆಲಸ ಮಾಡುವ ಕ್ರಮ ಹೀಗೆ. ಶರೀರವನ್ನು ದಾಟಿ ಬಂದ ಕಿರಣ ಕೊಳವೆಯ ಅಗಲವಾದ ಮುಖದಲ್ಲಿರುವ ಸೀಸಿಯಂ ಅಯೊಡೈಡಿನ ಪದರಕ್ಕೆ ಬಡಿದು ಮಂದ ಬೆಳಕಾಗುತ್ತದೆ. ಅದಕ್ಕೆ ತಾಗಿಕೊಂಡೇ ಇರುವ ಇನ್ನೊಂದು ಪದರ ಆ ಬೆಳಕನ್ನು ಹೀರಿ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಸುಮಾರು 25,000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಈ ಎಲೆಕ್ಟ್ರಾನುಗಳು ವೇಗವಾಗಿ ಧಾವಿಸಿ, ಕೊಳವೆಯ ಇನ್ನೊಂದು ತುದಿಯ ಚಿಕ್ಕ ಪರದೆಗೆ ಬಡಿಯುತ್ತವೆ. ಅಲ್ಲಿ ಮತ್ತೆ ಬೆಳಕು. ಆದರೆ ಈ ಸಲ ಪ್ರಖರವಾದ ಬೆಳಕು.

ಎಷ್ಟು ಪ್ರಖರ? ನಮ್ಮ ಹೈಸ್ಕೂಲಿನ ಮಕ್ಕಳೂ ಲೆಕ್ಕ ಹಾಕಬಹುದು. ಒಳಬರುವ ಪರದೆಯ ಅಡ್ಡಳತೆ 9 ಅಂಗುಲ, ಹೊರಹೋಗುವ ಪರದೆಯದು 1 ಅಂಗುಲ ಎಂದಿಟ್ಟುಕೊಳ್ಳಿ. ಅಷ್ಟೂ ಬೆಳಕು 81 ಪಾಲು ಚಿಕ್ಕದಾದ ಜಾಗಕ್ಕೆ ಸೇರುವುದರಿಂದ ಹೊಳಪು 81 ಪಾಲು ಹೆಚ್ಚುತ್ತದೆ. ಎಲೆಕ್ಟ್ರಾನುಗಳ ವೇಗದಿಂದ ಇನ್ನು ಸುಮಾರು 60 ಪಾಲು ಎಂದರೆ, ಎರಡನ್ನೂ ಗುಣಿಸಿದಾಗ ಹೆಚ್ಚು ಕಡಿಮೆ 5,000 ಪಾಲು. ಕತ್ತಲೆ ಕೋಣೆ ಬೇಡವಾಯಿತು. ಕೆಂಪು ಕನ್ನಡಕ ಬೇಡವಾಯಿತು. ಚಿಕ್ಕ ಪರದೆಗೆ ಟಿ.ವಿ. ಕ್ಯಾಮರಾ ಜೋಡಿಸಿದ ಮೇಲೆ ಡಾಕ್ಟರು, ನರ್ಸು, ವಿದ್ಯಾರ್ಥಿಗಳು ಎಲ್ಲರೂ ಬೆಳಕಿನ ಕೋಣೆಯಲ್ಲೇ ನಿಂತು ನೋಡುವಂತಾಯಿತು.

2000ದ ಈಚೆಗೆ ಈ ದಪ್ಪ ಕೊಳವೆಯ ಜಾಗವನ್ನು ಮಣೆಯಂತೆ ಚಪ್ಪಟೆಯಾದ ಫ್ಲಾಟ್ ಪ್ಯಾನೆಲ್ ಎಂಬ ಸಾಧನ ಆಕ್ರಮಿಸುತ್ತಿದೆ. ಅದರಲ್ಲೂ ಸಾಮಾನ್ಯವಾಗಿ ಸೀಸಿಯಂ ಅಯೊಡೈಡೇ ಕಿರಣವನ್ನು ಬೆಳಕಾಗಿಸುತ್ತದೆ. ಅದರ ಕೆಳಗೆ ಜೇನುಗೂಡಿನ ಕಣ್ಣುಗಳಂತೆ ಲಕ್ಷಾಂತರ ಸಿಲಿಕಾನ್ ಬಿಂದುಗಳಿದ್ದು, ಪ್ರತಿಯೊಂದೂ ತನ್ನ ಪಾಲಿಗೆ ಬಂದ ಬೆಳಕನ್ನು ವಿದ್ಯುತ್ತಾಗಿ ಬದಲಿಸಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಹಳೆಯ ಕೊಳವೆಯಲ್ಲಿ ಚಿತ್ರದ ಅಂಚುಗಳು ಸ್ವಲ್ಪ ಬಾಗುತ್ತಿದ್ದವು. ಇದರಲ್ಲಿ ಆ ದೋಷವಿಲ್ಲ. ಎರಡೂ ಬಗೆಯ ಯಂತ್ರಗಳು ಈಗಲೂ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿವೆ.

ಯಂತ್ರದ ಅಂಗಾಂಗಗಳು

ಇಷ್ಟು ತಿಳಿದ ಮೇಲೆ ಆಸ್ಪತ್ರೆಯ ಕೋಣೆಯೊಳಗೆ ಒಮ್ಮೆ ಕಣ್ಣಾಡಿಸೋಣ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ ಒಂದು ದೊಡ್ಡ ತೋಳು ಕಾಣಿಸುತ್ತದೆ. ಅದರ ಹೆಸರೇ ಸಿ-ಆರ್ಮ್. ತೋಳಿನ ಒಂದು ತುದಿಯಲ್ಲಿ ಎಕ್ಸ್-ರೇ ಕೊಳವೆ, ಇನ್ನೊಂದು ತುದಿಯಲ್ಲಿ ಬಿಂಬವರ್ಧಕ ಅಥವಾ ಫ್ಲಾಟ್ ಪ್ಯಾನೆಲ್. ನಡುವೆ ಮೇಜು, ಮೇಜಿನ ಮೇಲೆ ರೋಗಿ. ತೋಳನ್ನು ತಿರುಗಿಸಿದರೆ ರೋಗಿಯನ್ನು ಅಲುಗಾಡಿಸದೆಯೇ ಬೇರೆ ಬೇರೆ ಕೋನಗಳಿಂದ ನೋಡಬಹುದು.

ಎಕ್ಸ್-ರೇ ಕೊಳವೆಯೊಳಗೆ ಗಾಳಿಯಿಲ್ಲ. ಒಂದು ಕಡೆ ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಸುಮಾರು 70ರಿಂದ 100 ಕಿಲೋವೋಲ್ಟಿನ ಸೆಳೆತದಿಂದ ಹಾರಿ ಎದುರಿನ ಟಂಗ್‌ಸ್ಟನ್ ತಟ್ಟೆಗೆ ಅಪ್ಪಳಿಸುತ್ತವೆ. ಆ ಶಕ್ತಿಯಲ್ಲಿ ಕ್ಷ-ಕಿರಣವಾಗುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಉಳಿದುದೆಲ್ಲ ಬರೇ ಬಿಸಿ. ಅದಕ್ಕಾಗಿಯೇ 3,400 ಡಿಗ್ರಿ ಸೆಲ್ಸಿಯಸ್ಸಿನ ತನಕ ಕರಗದ ಟಂಗ್‌ಸ್ಟನ್ ಬೇಕಾಯಿತು. ಒಂದೇ ಜಾಗ ಕಾಯದಂತೆ ತಟ್ಟೆಯನ್ನು ನಿಮಿಷಕ್ಕೆ ಸುಮಾರು 3,000 ಸುತ್ತು ಅಥವಾ ಅದಕ್ಕೂ ವೇಗವಾಗಿ ತಿರುಗಿಸುತ್ತಾರೆ. ಫೋಟೋ ತೆಗೆಯುವಾಗ ಕೊಳವೆಯಲ್ಲಿ ನೂರಾರು ಮಿಲಿ ಆಂಪಿಯರ್ ವಿದ್ಯುತ್ತು ಕ್ಷಣಮಾತ್ರ ಹರಿದರೆ, ಸಾದಾ ಫ್ಲೋರೋಸ್ಕೋಪಿಯಲ್ಲಿ ಹರಿಯುವುದು ಕೆಲವೇ ಮಿಲಿ ಆಂಪಿಯರ್. ಆದರೆ ಅದು ನಿಮಿಷಗಟ್ಟಲೆ ಹರಿಯುತ್ತದೆ. ವ್ಯತ್ಯಾಸ ಇರುವುದು ಇಲ್ಲಿ.

ಕೊಳವೆಯ ಬಾಯಿಯಲ್ಲಿ ಸೀಸದ ಬಾಗಿಲುಗಳಿವೆ. ನೋಡಬೇಕಾದ ಜಾಗಕ್ಕೆ ಮಾತ್ರ ಕಿರಣ ಬೀಳುವಂತೆ ಇವನ್ನು ಕಿರಿದು ಮಾಡಬಹುದು. ಅಲ್ಯುಮಿನಿಯಂ, ತಾಮ್ರದ ತೆಳು ತಗಡುಗಳು ಚಿತ್ರಕ್ಕೆ ಉಪಯೋಗವಿಲ್ಲದೆ ಚರ್ಮದಲ್ಲೇ ಇಂಗಿ ಹೋಗುವ ದುರ್ಬಲ ಕಿರಣಗಳನ್ನು ಮೊದಲೇ ಸೋಸಿ ತೆಗೆಯುತ್ತವೆ. ದಪ್ಪ ಶರೀರದವರು ಮಲಗಿದರೆ ಚಿತ್ರ ಮಸುಕಾಗದಂತೆ ಯಂತ್ರವೇ ಕಿರಣವನ್ನು ಹೆಚ್ಚಿಸಿಕೊಳ್ಳುತ್ತದೆ.

ಇಷ್ಟಕ್ಕೂ ಮುಖ್ಯವಾದ ಒಂದು ಅಂಗ ಡಾಕ್ಟರ ಕಾಲ ಬುಡದಲ್ಲಿದೆ. ಅದು ಪೆಡಲು. ಒತ್ತಿದಷ್ಟು ಹೊತ್ತು ಮಾತ್ರ ಕಿರಣ. ಕಾಲು ತೆಗೆದೊಡನೆ ಕಿರಣ ನಿಂತಿತು. ನಿಂತ ಮೇಲೂ ಕೊನೆಯ ಚಿತ್ರ ಟಿ.ವಿ.ಯಲ್ಲಿ ಹಾಗೆಯೇ ಉಳಿದಿರುವಂತೆ ಈಗಿನ ಯಂತ್ರಗಳನ್ನು ಮಾಡಿದ್ದಾರೆ. ಅದನ್ನು ನೋಡುತ್ತಾ ಆಲೋಚಿಸಲು ಕಿರಣ ಬೇಕಿಲ್ಲ. ಕಿರಣವನ್ನು ಎಡೆಬಿಡದೆ ಹರಿಸುವ ಬದಲು ಸೆಕೆಂಡಿಗೆ 15 ಅಥವಾ 7.5 ಮಿಣುಕುಗಳಾಗಿ ಬಿಡುವ ಕ್ರಮವೂ ಬಂದಿದೆ. ಕಿರಣದ ಒಟ್ಟು ಹೊತ್ತು ಐದು ನಿಮಿಷ ದಾಟಿದಾಗ ಎಚ್ಚರಿಸುವ ಗಂಟೆಯೂ ಇದೆ.

ಕಾಣದ್ದನ್ನು ಕಾಣಿಸುವ ಮದ್ದು

ಎಲುಬು ತಾನಾಗಿ ಕಾಣಿಸುತ್ತದೆ. ಆದರೆ ಅನ್ನನಾಳ, ಕರುಳು, ರಕ್ತನಾಳಗಳು ಸುತ್ತಲಿನ ಮಾಂಸದಂತೆಯೇ ಇರುವುದರಿಂದ ಅವುಗಳ ನೆರಳು ಬೇರೆಯಾಗಿ ತಿಳಿಯದು. ಕ್ಷ-ಕಿರಣವನ್ನು ಚೆನ್ನಾಗಿ ತಡೆಯುವ ಮದ್ದನ್ನು ಒಳಗೆ ತುಂಬಿದರೆ ಅವುಗಳ ಆಕಾರ ಎದ್ದು ಕಾಣುತ್ತದೆ.

ಹೊಟ್ಟೆ ಕರುಳುಗಳಿಗೆ ಬಳಸುವುದು ಬೇರಿಯಂ ಸಲ್ಫೇಟ್. ಬೇರಿಯಮ್ಮಿನ ನೀರಿನಲ್ಲಿ ಕರಗುವ ಲವಣಗಳು ವಿಷ. ಆದರೆ ಸಲ್ಫೇಟ್ ಕರಗುವುದೇ ಇಲ್ಲ. ಆದುದರಿಂದ ರಕ್ತಕ್ಕೆ ಸೇರದೆ ಹೋದ ಹಾಗೆಯೇ ಹೊರಗೆ ಬರುತ್ತದೆ. ಪರೀಕ್ಷೆಯಾದ ಮೇಲೆ ಎರಡು ಮೂರು ದಿನ ಮಲ ಬೆಳ್ಳಗಿದ್ದರೆ ಗಾಬರಿಯಾಗಬೇಕಿಲ್ಲ. ಮಲಬದ್ಧತೆಯಾಗದಂತೆ, ಡಾಕ್ಟರು ಬೇಡವೆನ್ನದಿದ್ದರೆ, ನೀರು ಧಾರಾಳ ಕುಡಿಯಬೇಕು.

ರಕ್ತನಾಳಗಳಿಗೆ ಬಳಸುವುದು ಅಯೊಡಿನ್ ಸೇರಿದ ಮದ್ದು. ಮೈಯೊಳಗೆ ಹೋಗುವಾಗ ಬಿಸಿಬಿಸಿಯಾದಂತೆ ಅನಿಸುವುದು ಸಹಜ. ಇದು ಮೂತ್ರಪಿಂಡಗಳ ಮೂಲಕ ಹೊರಗೆ ಹೋಗುತ್ತದೆ. ಅದಕ್ಕಾಗಿಯೇ ಮೊದಲು ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ ಸರಿಯಿದೆಯೆ ಎಂದು ನೋಡುತ್ತಾರೆ. ಕೆಲವರಿಗೆ ಈ ಮದ್ದು ಒಗ್ಗದೆ ತುರಿಕೆ, ಉಬ್ಬಸಗಳೂ ಬರಬಹುದು.

ಹೃದಯದ ದಾರಿಯನ್ನು ಮೊದಲು ತುಳಿದವರು 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್. ತೆಳುವಾದ ನಳಿಕೆಯೊಂದನ್ನು ತಮ್ಮದೇ ತೋಳಿನ ರಕ್ತನಾಳಕ್ಕೆ ತೂರಿಸಿಕೊಂಡು ಎಕ್ಸ್-ರೇ ಕೋಣೆಗೆ ನಡೆದು, ಫ್ಲೋರೋಸ್ಕೋಪಿನ ಪರದೆಯನ್ನು ಕನ್ನಡಿಯಲ್ಲಿ ನೋಡುತ್ತಾ ಅದನ್ನು ಹೃದಯದ ತನಕ ತಳ್ಳಿದರು. ಆಗ ಬೈದವರೇ ಹೆಚ್ಚು. 1956ರಲ್ಲಿ ನೊಬೆಲ್ ಬಹುಮಾನ ಬಂತು. 1958ರಲ್ಲಿ ಅಮೇರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಹೃದಯಕ್ಕೆ ರಕ್ತ ಕೊಡುವ ನಾಳದೊಳಗೆ ಮದ್ದು ಹೋಗಿ ಅದು ಪರದೆಯ ಮೇಲೆ ಬೆಳಗಿದ್ದನ್ನು ಕಂಡರು. 1977ರಲ್ಲಿ ಸ್ವಿಜರ್‌ಲೆಂಡಿನ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಕಿರಿದಾದ ಆ ನಾಳವನ್ನು ಪುಟ್ಟ ಬೆಲೂನಿನಿಂದ ಹಿಗ್ಗಿಸಿದರು. ನೋಡುವ ಯಂತ್ರ ಹೀಗೆ ಚಿಕಿತ್ಸೆಯ ಯಂತ್ರವೂ ಆಯಿತು.

ಎಷ್ಟು ಕಿರಣ, ಎಷ್ಟು ಭಯ?

ಮಣ್ಣಿನಿಂದ, ಆಕಾಶದಿಂದ, ಉಸಿರಾಡುವ ಗಾಳಿಯಿಂದ ಎಲ್ಲರಿಗೂ ವರ್ಷಕ್ಕೆ ಸ್ವಲ್ಪ ವಿಕಿರಣ ಬರುತ್ತಲೇ ಇದೆ. ಜಗತ್ತಿನ ಸರಾಸರಿ 2.4 ಮಿಲಿ ಸೀವರ್ಟ್. ಥೋರಿಯಂ ಬೆರೆತ ಮರಳಿರುವ ನಮ್ಮದೇ ರಾಜ್ಯದ ಕೊಲ್ಲಂ ಕರಾವಳಿಯ ಚವರ, ಕರುನಾಗಪಳ್ಳಿ ಕಡೆಗಳಲ್ಲಿ ಅದಕ್ಕೂ ಹೆಚ್ಚು. ಎದೆಯ ಒಂದು ಎಕ್ಸ್-ರೇಯಿಂದ ಬರುವುದು 0.1 ಮಿಲಿ ಸೀವರ್ಟಿನಷ್ಟು ಅಥವಾ ಅದಕ್ಕೂ ಕಡಿಮೆ. ಒಂದು ಸಾದಾ ಆಂಜಿಯೋಗ್ರಾಮಿನಿಂದ ಸುಮಾರು 7. ಅಂದರೆ ಮೂರು ವರ್ಷದ ಪ್ರಕೃತಿಯ ಪಾಲು. ಹೃದಯದ ನಾಳ ಕಟ್ಟಿದೆಯೆ ಎಂದು ತಿಳಿದು ಜೀವ ಉಳಿಸುವಲ್ಲಿ ಇದು ದೊಡ್ಡ ಬೆಲೆಯಲ್ಲ. ಆದರೆ ಬೆಲೆಯೇ ಇಲ್ಲ ಎನ್ನುವಂತೆಯೂ ಇಲ್ಲ.

ಚರ್ಮದ ಲೆಕ್ಕ ಬೇರೆ. ಒಂದೇ ಜಾಗದ ಚರ್ಮಕ್ಕೆ ಸುಮಾರು 2 ಗ್ರೇ ಕಿರಣ ಬಿದ್ದರೆ ಕೆಂಪಾಗಬಹುದು. ನಿಮಿಷಕ್ಕೆ 20 ಮಿಲಿ ಗ್ರೇ ಎಂದು ಹಿಡಿದರೆ ಅದಕ್ಕೆ 100 ನಿಮಿಷ ಬೇಕು. ಸಾಮಾನ್ಯ ಪರೀಕ್ಷೆಯಲ್ಲಿ ಅಷ್ಟು ಆಗುವುದಿಲ್ಲ. ಬಹಳ ಕ್ಲಿಷ್ಟವಾದ, ಗಂಟೆಗಟ್ಟಲೆ ನಡೆಯುವ ಚಿಕಿತ್ಸೆಗಳಲ್ಲಿ ಆದದ್ದುಂಟು. 1994ರಲ್ಲಿ ಅಮೇರಿಕದ ಆಹಾರ ಮತ್ತು ಔಷಧ ಆಡಳಿತ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಅಂತಹ ಚಿಕಿತ್ಸೆಯಾದ ಕೆಲವು ವಾರಗಳಲ್ಲಿ ಬೆನ್ನಿನ ಮೇಲೆ ಕೆಂಪು ಕಲೆಯೋ ಹುಣ್ಣೋ ಕಾಣಿಸಿದರೆ, ಊರಿನ ಡಾಕ್ಟರಿಗೆ ‘ಇಂತಹ ದಿನ ಹೃದಯದ ಚಿಕಿತ್ಸೆಯಾಗಿತ್ತು’ ಎಂದು ಹೇಳಲು ಮರೆಯಬಾರದು.

ಒಳಗಿನವರೆಲ್ಲ ಸೀಸದ ಭಾರವಾದ ಏಪ್ರನ್ ತೊಟ್ಟಿರುವಾಗ ರೋಗಿಗೆ ಮಾತ್ರ ಇಲ್ಲವೇಕೆ ಎಂದು ಕೆಲವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ರೋಗಿಗೆ ಕಿರಣ ಬೀಳುವುದು ಆ ಒಂದು ದಿನ. ಅದರಿಂದ ಅವನಿಗೆ ಪ್ರಯೋಜನವೂ ಇದೆ. ಕೆಲಸದವರಿಗೆ ರೋಗಿಯ ಮೈಯಿಂದ ಚದುರಿ ಬರುವ ಕಿರಣ ದಿನಾಲೂ, ವರ್ಷಾನುಗಟ್ಟಲೆ ಬೀಳುತ್ತದೆ. ಅವರಿಗೆ ವರ್ಷಕ್ಕೆ ಸರಾಸರಿ 20 ಮಿಲಿ ಸೀವರ್ಟಿನ ಮಿತಿಯನ್ನು ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದೆ. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಪರವಾನಗಿಯಿಲ್ಲದೆ ಇಂತಹ ಯಂತ್ರವನ್ನು ನಡೆಸುವಂತಿಲ್ಲ. ದೂರವೂ ಒಂದು ರಕ್ಷಣೆಯೇ: ಒಂದು ಮೀಟರಿನಲ್ಲಿ ಇರುವ ಕಿರಣ ಎರಡು ಮೀಟರಿಗೆ ಸರಿದರೆ ಕಾಲು ಪಾಲಾಗುತ್ತದೆ. ಬಂಧುಗಳನ್ನು ಹೊರಗೆ ಕುಳ್ಳಿರಿಸುವುದು ಈ ಕಾರಣಕ್ಕೆ, ಅಸಡ್ಡೆಯಿಂದಲ್ಲ.

ಇನ್ನೊಂದು ತಪ್ಪು ತಿಳುವಳಿಕೆ. ಪರೀಕ್ಷೆಯಾಗಿ ಬಂದವರ ಮೈಯಲ್ಲಿ ಕಿರಣ ಉಳಿದಿರುತ್ತದೆ, ಮಕ್ಕಳು ಹತ್ತಿರ ಹೋಗಬಾರದು ಎನ್ನುವವರಿದ್ದಾರೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೆ? ಇದೂ ಹಾಗೆಯೇ. ‘ಕರೆಂಟು ಕೊಡುವುದು’ ಎಂದು ನಾವು ಕರೆಯುವ ಕ್ಯಾನ್ಸರಿನ ಚಿಕಿತ್ಸೆಯೂ ಇದೂ ಒಂದಲ್ಲ. ಅಲ್ಲಿ ಕೊಡುವ ಪ್ರಮಾಣಕ್ಕೂ ಇಲ್ಲಿಯದಕ್ಕೂ ಅಜಗಜಾಂತರ.

ನಮ್ಮ ಪಾಲಿನ ಕೆಲಸ

ಇಷ್ಟೆಲ್ಲ ಉಪಾಯಗಳ ಮೇಲೂ ಕಿರಣ ಎಷ್ಟು ಹೊತ್ತು ಹರಿಯಬೇಕೆಂಬುದು ಸ್ವಲ್ಪ ಮಟ್ಟಿಗೆ ರೋಗಿಯ ಕೈಯಲ್ಲೂ ಇದೆ. ಉಸಿರು ಹಿಡಿಯಿರಿ ಎಂದಾಗ ಹಿಡಿಯದಿದ್ದರೆ, ಅಲುಗಾಡಬೇಡಿ ಎಂದಾಗ ಅಲುಗಾಡಿದರೆ ಚಿತ್ರ ಕೆಡುತ್ತದೆ. ಮತ್ತೆ ಪೆಡಲು ಒತ್ತಬೇಕಾಗುತ್ತದೆ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ವಿಶೇಷವಾದ ಒಂದು ವಿಷಯವಿದೆ. ಎಣ್ಮಕಜೆ, ಬೆಳ್ಳೂರು, ಪುತ್ತಿಗೆ, ಪೈವಳಿಕೆ ಕಡೆಯ ನಮ್ಮ ಎಷ್ಟೋ ಹಿರಿಯರಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಮಾತು ಸಲೀಸಲ್ಲ. ಮಂಗಳೂರಿಗೆ ಹೋದರೆ ಸರಿ. ತೆಂಕಲಿಗೆ ಕಣ್ಣೂರಿನ ಕಡೆ ಹೋದರೆ ಮೇಜಿನ ಮೇಲೆ ಮಲಗಿದ ಅಜ್ಜಿಗೆ “ಶ್ವಾಸಂ ಪಿಡಿಕ್ಕೂ” ಎಂದರೆ, ಹೆದರಿಕೆಯಲ್ಲಿ ಇರುವ ಅರ್ಧ ಮಲಯಾಳವೂ ಮರೆತು ಹೋಗುತ್ತದೆ. ಸಮ್ಮತಿ ಪತ್ರವೋ, ಒಂದೋ ಮಲಯಾಳದಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ. ಅದರಲ್ಲಿ ಬರೆದದ್ದೇನೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವುದು ಒಳ್ಳೆಯ ಕ್ರಮವಲ್ಲ. ‘ಅಮ್ಮನಿಗೆ ಕನ್ನಡ ಮಾತ್ರ ತಿಳಿಯುತ್ತದೆ’ ಎಂದು ಮೊದಲೇ ನರ್ಸಿಗೆ ಹೇಳಿ. ಉಸಿರು ಹಿಡಿಯುವುದು, ಬಿಡುವುದು, ಮದ್ದು ನುಂಗುವುದು ಇವುಗಳ ಸನ್ನೆಯನ್ನು ಒಳಗೆ ಹೋಗುವ ಮೊದಲು ಒಂದೆರಡು ಸಲ ಅಭ್ಯಾಸ ಮಾಡಿಸಿ. ಇದಕ್ಕೆ ಖರ್ಚಿಲ್ಲ, ಕಿರಣದ ಹೊತ್ತು ಮಾತ್ರ ಉಳಿಯುತ್ತದೆ.

ಹೇಳಲೇಬೇಕಾದ ಮಾತುಗಳು ಹೀಗಿವೆ. ಸ್ತ್ರೀಯರು ಗರ್ಭಿಣಿಯರೋ, ಮುಟ್ಟು ತಪ್ಪಿದೆಯೋ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಗರ್ಭನಾಳದ ಪರೀಕ್ಷೆಯನ್ನು ಸಾಮಾನ್ಯವಾಗಿ ಮುಟ್ಟು ಶುರುವಾದ ಹತ್ತು ದಿನಗಳೊಳಗೆ ಮಾಡುವುದೂ ಗರ್ಭ ನಿಂತಿರುವ ಸಂಭವವನ್ನು ತಪ್ಪಿಸಲಿಕ್ಕೆ. ಮೂತ್ರಪಿಂಡದ ತೊಂದರೆ, ಉಬ್ಬಸ, ಹಿಂದೆ ಇಂತಹ ಮದ್ದಿನಿಂದ ತುರಿಕೆ ಬಂದದ್ದು, ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ರಕ್ತ ತೆಳುವಾಗುವ ಮಾತ್ರೆಗಳು, ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಉತ್ತಮ. ಯಾವ ಮಾತ್ರೆ ನಿಲ್ಲಿಸಬೇಕೆಂಬುದನ್ನು ಡಾಕ್ಟರೇ ಹೇಳಬೇಕು, ನಾವಾಗಿ ನಿಲ್ಲಿಸಬಾರದು. ಹಿಂದಿನ ಆಂಜಿಯೋಗ್ರಾಮಿನ ಸಿ.ಡಿ., ರಿಪೋರ್ಟುಗಳನ್ನು ಮನೆಯಲ್ಲಿ ಜೋಪಾನವಾಗಿಟ್ಟು ಜತೆಗೆ ಒಯ್ಯಬೇಕು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದಾಗ ಅದೇ ಪರೀಕ್ಷೆ ಮತ್ತೊಮ್ಮೆ ಆಗುವುದನ್ನು ಇದರಿಂದ ಎಷ್ಟೋ ಸಲ ತಪ್ಪಿಸಬಹುದು.

‘ಈ ಪರೀಕ್ಷೆಯಿಂದ ಏನು ತಿಳಿಯುತ್ತದೆ? ಸ್ಕ್ಯಾನಿಂಗಿನಲ್ಲಿ ಅದು ತಿಳಿಯುವುದಿಲ್ಲವೆ?’ ಎಂದು ವಿನಯದಿಂದ ಕೇಳಿದರೆ ತಪ್ಪಿಲ್ಲ. ಒಳ್ಳೆಯ ಡಾಕ್ಟರು ಉತ್ತರ ಹೇಳುತ್ತಾರೆ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನಲ್ಲೂ ಎಂ.ಆರ್.ಐ.ಯಲ್ಲೂ ಕ್ಷ-ಕಿರಣವಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಇದೆ. ಉತ್ತರ ಕೇಳಿದ ಮೇಲೆ ಪರೀಕ್ಷೆ ಬೇಕೇ ಬೇಕು ಎಂದಾದರೆ ಭಯಪಡದೆ ಮಾಡಿಸಿಕೊಳ್ಳಿ. ಹೃದಯದ ನಾಳ ಕಟ್ಟಿದವರು ವಿಕಿರಣಕ್ಕೆ ಹೆದರಿ ಮನೆಯಲ್ಲಿ ಕುಳಿತರೆ, ಹೆದರಬೇಕಾದುದಕ್ಕೆ ಹೆದರದೆ ಇನ್ನಾವುದಕ್ಕೋ ಹೆದರಿದಂತಾಗುತ್ತದೆ.